ಉದ್ದನೆಯ ಇಂಗ್ಲಿಷ್ ಪದಗಳನ್ನು ಬಿಡಿಸುವ ಕ್ರಮ: ಬಾಲದಿಂದ ತಲೆಯವರೆಗೆ, ಹಂತ ಹಂತವಾಗಿ

ಒಂದೇ ಬಗೆಯ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ‘ಒಂದೇ ಅಕ್ಷರಗಳಿಂದ ಶುರುವಾಗುವ ಉದ್ದುದ್ದ ಇಂಗ್ಲಿಷ್ ಪದಗಳನ್ನೆಲ್ಲ ಪಟ್ಟಿ ಮಾಡಿದೆ, ಎದುರಿಗೆ ಕನ್ನಡ ಅರ್ಥ ಬರೆದೆ, ಬಾಯಿಪಾಠವನ್ನೂ ಮಾಡಿದೆ. ಹದಿನೈದು ದಿನ ಬಿಟ್ಟು ನೋಡಿದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಂಡಿದೆ.’ ಇದಕ್ಕೆ ನೆನಪಿನ ಶಕ್ತಿಯನ್ನು ದೂರಿ ಫಲವಿಲ್ಲ. ಕೆಟ್ಟಿರುವುದು ಕೆಲಸದ ಕ್ರಮ. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಪದಗಳಲ್ಲಿ ಕೆಲವು ಒಡಹುಟ್ಟಿದವು, ಕೆಲವು ಬರೀ ಹೆಸರು ಹೋಲುವ ದಾರಿಹೋಕ ಪದಗಳು. ಎರಡನ್ನೂ ಒಂದೇ ಮನೆಗೆ ಸೇರಿಸಿದರೆ ಗೊಂದಲ ಖಂಡಿತ.

ಅಕ್ಷರಗಳ ಹೋಲಿಕೆ ಒಂದು ಸುಳಿವು ಮಾತ್ರ, ಅದನ್ನು ಪ್ರತಿ ಸಲವೂ ಪರೀಕ್ಷಿಸಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಎರಡನೆಯ ಹಂತ ಬಿಟ್ಟು ಮೂರನೆಯದಕ್ಕೆ ಹಾರಿದವರೇ ಹೆಚ್ಚಾಗಿ ಎಡವುತ್ತಾರೆ.

ಕೈಯಲ್ಲಿ ಇರಬೇಕಾದದ್ದು

ಗೆರೆಯ ನೋಟ್‌ಪುಸ್ತಕ, ಪೆನ್ಸಿಲ್, ಎರಡು ಬಣ್ಣದ ಪೆನ್ನು ಮತ್ತು ಒಂದು ಒಳ್ಳೆಯ ನಿಘಂಟು. ಒಳ್ಳೆಯದು ಎಂದರೆ ಪದದ ಅರ್ಥದ ಜೊತೆಗೆ ಅದರ ಮೂಲವನ್ನೂ, ಉಚ್ಚಾರಣೆಯಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನೂ ತೋರಿಸುವಂಥದ್ದು. ಅರ್ಥವನ್ನಷ್ಟೇ ಕೊಡುವ ಕಿರು ನಿಘಂಟು ಈ ಕೆಲಸಕ್ಕೆ ಸಾಲದು.

ನೋಟ್‌ಪುಸ್ತಕದಲ್ಲಿ ಪದವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಿರಿ. ನಮ್ಮ ಲಿಪಿ ಕಿವಿಗೆ ಕೇಳಿದ್ದನ್ನು ಬರೆಯುತ್ತದೆ, ಆದ್ದರಿಂದ ಇಂಗ್ಲಿಷ್ ಪದದ ಬೆಸುಗೆಗಳು ಅದರಲ್ಲಿ ಮುಚ್ಚಿಹೋಗುತ್ತವೆ. ‘ನ್ಯುಮೋನಿಯಾ’ ಎಂದು ಬರೆದಾಗ ಮೊದಲಿನ ಮೂಕ ‘ಪಿ’ ಕಾಣುವುದೇ ಇಲ್ಲ. ಆ ‘ಪಿ’ ಕಾಣದಿದ್ದರೆ ಅದರ ಬಳಗದ ಬೇರೆ ಪದಗಳೂ ಕಣ್ಣಿಗೆ ಬೀಳುವುದಿಲ್ಲ.

ಹಂತ 1: ಪದವನ್ನು ವಾಕ್ಯದ ಸಮೇತ ಎತ್ತಿಕೊಳ್ಳಿ

ಒಂಟಿ ಪದವನ್ನು ಎಂದೂ ಬರೆದುಕೊಳ್ಳಬೇಡಿ. ಅದು ಕಂಡ ಇಡೀ ವಾಕ್ಯವನ್ನು ಮೇಲೆ ಬರೆದು, ಅದರ ಕೆಳಗೆ ಪದವನ್ನು ದೊಡ್ಡ ಅಕ್ಷರಗಳಲ್ಲಿ, ನಡುವೆ ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಬರೆಯಿರಿ. ಐದನೆಯ ಹಂತದಲ್ಲಿ ಈ ವಾಕ್ಯವೇ ಸಾಕ್ಷಿ ಹೇಳುತ್ತದೆ. ಆಗ ಹುಡುಕಿದರೆ ಸಿಗುವುದಿಲ್ಲ.

ಹಂತ 2: ಬಾಲ ಹಿಡಿಯಿರಿ

ಎಲ್ಲರೂ ಪದವನ್ನು ಎಡಗಡೆಯಿಂದ ಓದಲು ಶುರು ಮಾಡಿ ನಡುವೆ ಉಸಿರು ಕಟ್ಟಿ ನಿಲ್ಲುತ್ತಾರೆ. ಇಂಗ್ಲಿಷಿನ ಉದ್ದನೆಯ ಪದಗಳಲ್ಲಿ ಯಜಮಾನ ಕೂತಿರುವುದು ಕೊನೆಯಲ್ಲಿ. ನಮ್ಮ ಸಮಾಸಗಳಲ್ಲೂ ಹಾಗೆಯೇ ಅಲ್ಲವೇ? ‘ಮರಗಾಲು’ ಎಂಬುದು ಒಂದು ಬಗೆಯ ಕಾಲು, ಮರವಲ್ಲ. ಇಂಗ್ಲಿಷಿನಲ್ಲೂ ಕೊನೆಯ ತುಂಡು ‘ಇದು ಏನು’ ಎಂದು ಹೇಳುತ್ತದೆ, ಮುಂದಿನ ತುಂಡುಗಳು ‘ಯಾವುದರದು, ಎಂಥದು’ ಎಂದು ಹೇಳುತ್ತವೆ.

ವೈದ್ಯಕೀಯ ಪದಗಳಲ್ಲಿ ಇದು ಬಹಳ ಸ್ಪಷ್ಟ. ‘ಐಟಿಸ್’ ಎಂದು ಮುಗಿದರೆ ಉರಿಯೂತ: ಟಾನ್ಸಿಲೈಟಿಸ್, ಅಪೆಂಡಿಸೈಟಿಸ್, ಆರ್ಥ್ರೈಟಿಸ್, ಹೆಪಟೈಟಿಸ್. ‘ಎಕ್ಟಮಿ’ ಎಂದು ಮುಗಿದರೆ ಆ ಅಂಗವನ್ನು ಕತ್ತರಿಸಿ ತೆಗೆಯುವುದು: ಟಾನ್ಸಿಲೆಕ್ಟಮಿ, ಅಪೆಂಡೆಕ್ಟಮಿ. ‘ಆಸ್ಟಮಿ’ ಎಂದಿದ್ದರೆ ದೇಹದಲ್ಲಿ ದ್ವಾರವೊಂದನ್ನು ಮಾಡುವುದು. ಟಾನ್ಸಿಲೈಟಿಸ್ ಮತ್ತು ಟಾನ್ಸಿಲೆಕ್ಟಮಿಯ ಮೊದಲ ಏಳು ಅಕ್ಷರಗಳು ಒಂದೇ. ಆದರೆ ಒಂದು ಕಾಯಿಲೆ, ಇನ್ನೊಂದು ಶಸ್ತ್ರಚಿಕಿತ್ಸೆ. ತಲೆಯನ್ನು ಮಾತ್ರ ನೋಡಿ ಪಟ್ಟಿ ಮಾಡಿದವರಿಗೆ ಈ ವ್ಯತ್ಯಾಸ ತಪ್ಪಿಹೋಗುತ್ತದೆ.

ಇನ್ನೊಂದು ಗುಂಪನ್ನು ನೋಡಿ. ಎಲೆಕ್ಟ್ರೋಕಾರ್ಡಿಯೋಗ್ರಾಫ್ ಎಂಬುದು ಯಂತ್ರ, ಎಲೆಕ್ಟ್ರೋಕಾರ್ಡಿಯೋಗ್ರಾಮ್ ಎಂಬುದು ಆ ಯಂತ್ರ ಬರೆದುಕೊಟ್ಟ ಗೆರೆಗಳ ದಾಖಲೆ, ಎಲೆಕ್ಟ್ರೋಕಾರ್ಡಿಯೋಗ್ರಫಿ ಎಂಬುದು ಆ ವಿಧಾನ. ಮೂರರಲ್ಲೂ ‘ಎಲೆಕ್ಟ್ರೋಕಾರ್ಡಿಯೋ’ ಹಾಗೆಯೇ ಇದೆ. ಟೆಲಿಗ್ರಾಫ್ ಮತ್ತು ಟೆಲಿಗ್ರಾಮ್ ನಡುವೆಯೂ ಇದೇ ಸಂಬಂಧ: ಒಂದು ಉಪಕರಣ, ಇನ್ನೊಂದು ಸಂದೇಶ. ಆದರೆ ಫೋಟೋಗ್ರಾಫ್ ಯಂತ್ರವಲ್ಲ, ಚಿತ್ರವೇ. ಇಂಥ ಅಪವಾದ ಕಂಡಾಗ ಅಂಚಿನಲ್ಲಿ ಒಂದು ನಕ್ಷತ್ರ ಹಾಕಿಡಿ.

ಬಾಲ ಸಿಕ್ಕ ಕೂಡಲೇ ಅದರ ಹಿಂದೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆಯಿರಿ. ಎರಡು ಮೂರು ಬಾಲಗಳು ಒಂದರ ಹಿಂದೊಂದು ಕೂತಿರುವುದೂ ಉಂಟು. 20 ಅಕ್ಷರಗಳ ‘ಇಂಟರ್‌ನ್ಯಾಷನಲೈಸೇಷನ್’ ತೆಗೆದುಕೊಳ್ಳಿ. ಕೊನೆಯಲ್ಲಿ ‘ಏಷನ್’, ಅಂದರೆ ಕ್ರಿಯೆ. ಅದರ ಹಿಂದೆ ‘ಐಸ್’, ಅಂದರೆ ‘ಹಾಗೆ ಮಾಡು’. ಅದರ ಹಿಂದೆ ‘ಅಲ್’, ಅಂದರೆ ‘ಸಂಬಂಧಿಸಿದ’. ಉಳಿದದ್ದು ‘ಇಂಟರ್’ ಮತ್ತು ‘ನೇಷನ್’. ತಂತ್ರಾಂಶ ಬರೆಯುವವರು ಈ ಪದವನ್ನು ‘ಐ’, 18, ‘ಎನ್’ ಎಂದು ಮೊಟಕು ಮಾಡಿ ಬರೆಯುತ್ತಾರೆ. ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ ಇರುವುದು ಸರಿಯಾಗಿ 18 ಅಕ್ಷರ.

ಹಂತ 3: ತಲೆ ಬಿಡಿಸಿ, ಸಂಧಿಯನ್ನು ಗಮನಿಸಿ

ಈಗ ಮುಂದಿನ ತುಂಡಿಗೆ ಬನ್ನಿ. ಅನ್, ರಿ, ಪ್ರಿ, ಇಂಟರ್, ಟ್ರಾನ್ಸ್, ಸಬ್ ಮುಂತಾದವು ಸುಲಭವಾಗಿ ಕಳಚಿಕೊಳ್ಳುತ್ತವೆ. ಕಷ್ಟ ಬರುವುದು ರೂಪ ಬದಲಿಸುವ ತಲೆಗಳಲ್ಲಿ.

ಕನ್ನಡ ವ್ಯಾಕರಣ ಓದಿದವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ‘ಸತ್’ ಮತ್ತು ‘ಜನ’ ಸೇರಿ ಸಜ್ಜನ, ‘ಉತ್’ ಮತ್ತು ‘ಲಾಸ’ ಸೇರಿ ಉಲ್ಲಾಸ, ‘ಜಗತ್’ ಮತ್ತು ‘ನಾಥ’ ಸೇರಿ ಜಗನ್ನಾಥ. ಮುಂದಿನ ಅಕ್ಷರದ ಮುಲಾಜಿಗೆ ಹಿಂದಿನ ಅಕ್ಷರ ಬದಲಾಗುತ್ತದೆ. ಲ್ಯಾಟಿನ್ ಮೂಲದ ಪದಗಳಲ್ಲೂ ಆಗುವುದು ಇದೇ. ‘ಅಲ್ಲ’ ಎನ್ನುವ ‘ಇನ್’ ಎಂಬುದು ‘ಎಲ್’ ಮುಂದೆ ಬಂದರೆ ‘ಇಲ್’ (ಇಲ್ಲೀಗಲ್), ‘ಆರ್’ ಮುಂದೆ ಬಂದರೆ ‘ಇರ್’ (ಇರ‍್ರೆಗ್ಯುಲರ್), ‘ಎಂ’ ಅಥವಾ ‘ಪಿ’ ಮುಂದೆ ಬಂದರೆ ‘ಇಮ್’ (ಇಮ್ಮಾರ್ಟಲ್, ಇಂಪಾಸಿಬಲ್) ಆಗುತ್ತದೆ. ‘ಕಡೆಗೆ’ ಎಂಬ ಅರ್ಥದ ‘ಆ್ಯಡ್’ ಎಂಬುದು ಆ್ಯಕ್ಸಿಲರೇಟ್, ಆ್ಯಫಿಕ್ಸ್, ಅನೌನ್ಸ್, ಅಟ್ರ್ಯಾಕ್ಟ್ ಪದಗಳ ಆರಂಭದಲ್ಲಿ ವೇಷ ಬದಲಿಸಿ ಕೂತಿದೆ. ಈ ನಾಲ್ಕರಲ್ಲೂ ಎರಡನೆಯ ಅಕ್ಷರ ಜೋಡಿಯಾಗಿರುವುದಕ್ಕೆ ಕಾರಣವೇ ಅದು.

ಎಚ್ಚರಿಕೆಯ ಗುರುತು: ತಲೆ ಕಳಚಿದ ಮೇಲೆ ಉಳಿದ ತುಂಡು ಯಾವ ಪದದಲ್ಲೂ ಕಾಣದ ಅಕ್ಷರಗುಚ್ಛವಾದರೆ, ಅಲ್ಲಿ ಬೆಸುಗೆಯೇ ಇರಲಿಲ್ಲ ಎಂದು ತಿಳಿಯಿರಿ. ‘ಅಂಕಲ್’ ಪದದ ಮೊದಲಿನ ‘ಯು-ಎನ್’ ನಿಷೇಧದ ‘ಅನ್’ ಅಲ್ಲ, ‘ರೀಚ್’ ಪದದ ‘ಆರ್-ಇ’ ಪುನರಾವರ್ತನೆಯ ‘ರಿ’ ಅಲ್ಲ.

ಹಂತ 4: ನಡುವಿನ ಮೂಲವನ್ನೂ ಕೊಂಡಿ ಸ್ವರವನ್ನೂ ಬೇರೆ ಮಾಡಿ

ತಲೆ ಬಾಲ ಹೋದ ಮೇಲೆ ಉಳಿಯುವುದು ಮೂಲ. ಗ್ರೀಕ್ ಮೂಲಗಳ ನಡುವೆ ಹೆಚ್ಚಾಗಿ ‘ಓ’ ಅಕ್ಷರ ಕೊಂಡಿಯಂತೆ ಬರುತ್ತದೆ (ಥರ್ಮಾಮೀಟರ್), ಲ್ಯಾಟಿನ್ ಮೂಲಗಳ ನಡುವೆ ‘ಐ’ (ಸೆಂಟಿಪೀಡ್, ಹರ್ಬಿವೋರ್). ಈ ಸ್ವರಕ್ಕೆ ತನ್ನದೇ ಅರ್ಥವಿಲ್ಲ. ಅದನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಕೂಡಲೇ ಎರಡೂ ಕಡೆಯ ಮೂಲಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಹತ್ತಿರದಿಂದ ಒಂದನ್ನು ನೋಡೋಣ: ‘ಓಟೋರೈನೋಲ್ಯಾರಿಂಗಾಲಜಿ’. 19 ಅಕ್ಷರಗಳು. ಬಾಲ ‘ಲಜಿ’, ಅಂದರೆ ಶಾಸ್ತ್ರ. ಉಳಿದದ್ದರಲ್ಲಿ ‘ಓ’ ಅಕ್ಷರಗಳಿಗೆ ಬಣ್ಣ ಹಚ್ಚುತ್ತಾ ಹೋದರೆ ಮೂರು ತುಂಡು ಸಿಗುತ್ತವೆ: ‘ಓಟ್’ ಕಿವಿ, ‘ರೈನ್’ ಮೂಗು, ‘ಲ್ಯಾರಿಂಗ್’ ಧ್ವನಿಪೆಟ್ಟಿಗೆ. ಮೊದಲ ‘ಓ’ ಮಾತ್ರ ಕೊಂಡಿಯಲ್ಲ, ಮೂಲದ್ದೇ ಅಕ್ಷರ. ಕಿವಿ, ಮೂಗು, ಗಂಟಲಿನ ಶಾಸ್ತ್ರ ಎಂಬುದು ಈಗ ತಾನಾಗಿ ತೆರೆದುಕೊಳ್ಳುತ್ತದೆ. ಮೂಗಿನ ಮೇಲೆ ಕೊಂಬಿರುವ ರೈನಾಸರಸ್ ಎಂಬ ಪ್ರಾಣಿಯ ಹೆಸರಿನಲ್ಲೂ ಅದೇ ‘ರೈನೋ’ ಇದೆ. ಒಮ್ಮೆ ಈ ನಂಟು ಕಂಡರೆ ‘ಆರ್’ ನಂತರದ ಮೂಕ ‘ಎಚ್’ ಕೂಡ ಮರೆಯುವುದಿಲ್ಲ.

ಹಂತ 5: ಮತ್ತೆ ಕಟ್ಟಿ, ವಾಕ್ಯಕ್ಕೆ ಹಚ್ಚಿ ನೋಡಿ

ಬಿಡಿಸುವುದು ಹೊರಗಿನಿಂದ ಒಳಕ್ಕೆ, ಕಟ್ಟುವುದು ಒಳಗಿನಿಂದ ಹೊರಕ್ಕೆ. ಈ ಕ್ರಮ ತಪ್ಪಿದರೆ ಅರ್ಥ ತಿರುಗುಮುರುಗಾಗುತ್ತದೆ. 28 ಅಕ್ಷರಗಳ ‘ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ’ ಪದವನ್ನು ಹೀಗೆ ಕಟ್ಟಿ:

ಎಸ್ಟಾಬ್ಲಿಷ್: ಸ್ಥಾಪಿಸು.
ಎಸ್ಟಾಬ್ಲಿಷ್‌ಮೆಂಟ್: ಸ್ಥಾಪನೆ. ಇಲ್ಲಿ, ಚರ್ಚಿಗೆ ಸರ್ಕಾರ ಕೊಟ್ಟ ಅಧಿಕೃತ ಸ್ಥಾನ.
‘ಡಿಸ್’ ಸೇರಿದರೆ: ಆ ಸ್ಥಾನವನ್ನು ಹಿಂತೆಗೆಯುವುದು.
‘ಏರಿಯನ್’ ಸೇರಿದರೆ: ಹಿಂತೆಗೆಯಬೇಕು ಎನ್ನುವವನು.
‘ಇಸಂ’ ಸೇರಿದರೆ: ಅವನ ವಾದ.
‘ಆಂಟಿ’ ಸೇರಿದರೆ: ಆ ವಾದಕ್ಕೆ ವಿರೋಧ.

ಒಟ್ಟಿನಲ್ಲಿ, ಚರ್ಚಿನ ಅಧಿಕೃತ ಸ್ಥಾನವನ್ನು ಕಿತ್ತುಕೊಳ್ಳಬಾರದು ಎಂಬ ನಿಲುವು. 19ನೆಯ ಶತಮಾನದ ಇಂಗ್ಲೆಂಡಿನ ವಾಗ್ವಾದದಿಂದ ಬಂದ ಪದ ಇದು. ‘ಆಂಟಿ’ ಮತ್ತು ‘ಡಿಸ್’ ಎರಡನ್ನೂ ಮೊದಲೇ ಒಟ್ಟಿಗೆ ಎತ್ತಿಕೊಂಡರೆ ಸ್ಥಾಪನೆಗೇ ವಿರೋಧ ಎಂದು ಉಲ್ಟಾ ಓದುವ ಅಪಾಯವಿದೆ.

ಇನ್ನು ನಿಘಂಟುಗಳಲ್ಲಿ ಸಿಗುವ 45 ಅಕ್ಷರಗಳ ದೈತ್ಯ: ‘ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವೋಲ್ಕೇನೋಕೋನಿಯೋಸಿಸ್’. 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘವಾದ ನ್ಯಾಷನಲ್ ಪಜಲರ್ಸ್ ಲೀಗಿನ ಅಧ್ಯಕ್ಷ ಎವರೆಟ್ ಸ್ಮಿತ್ ಬೇಕೆಂದೇ ಕಟ್ಟಿದ ಪದ. ಉದ್ದ ನೋಡಿ ಹೆದರಬೇಡಿ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಏಕೆಂದರೆ ಪ್ರತಿ ಬೆಸುಗೆಯೂ ಕಣ್ಣಿಗೆ ಕಾಣುವಂತಿದೆ. ‘ಓಸಿಸ್’ ರೋಗಸ್ಥಿತಿ, ‘ಕೋನಿ’ ಧೂಳು, ‘ವೋಲ್ಕೇನೋ’ ಜ್ವಾಲಾಮುಖಿ, ‘ಸಿಲಿಕೋ’ ಸಿಲಿಕಾ, ‘ಮೈಕ್ರೋಸ್ಕೋಪಿಕ್’ ಸೂಕ್ಷ್ಮ, ‘ಅಲ್ಟ್ರಾ’ ಅದಕ್ಕೂ ಮೀರಿದ, ‘ನ್ಯುಮೋನೋ’ ಶ್ವಾಸಕೋಶ. ಜ್ವಾಲಾಮುಖಿಯ ಅತಿಸೂಕ್ಷ್ಮ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ವೈದ್ಯರು ಇಂಥದ್ದಕ್ಕೆ ಬಳಸುವ ಪದ ಸಿಲಿಕೋಸಿಸ್.

ಕಟ್ಟಿದ ಅರ್ಥವನ್ನು ಮೊದಲ ಹಂತದ ವಾಕ್ಯದಲ್ಲಿ ಇಟ್ಟು ಓದಿ. ಸಲೀಸಾಗಿ ಕೂತರೆ ಸರಿ. ಕೂರದಿದ್ದರೆ ಎಳೆದು ಕೂರಿಸಬೇಡಿ, ನಿಘಂಟು ತೆರೆಯಿರಿ. ‘ಅಂಡರ್‌ಸ್ಟ್ಯಾಂಡ್’ ಪದವನ್ನು ಎಷ್ಟು ಸಲ ಬಿಡಿಸಿದರೂ ‘ಕೆಳಗೆ ನಿಲ್ಲು’ ಎಂಬುದರಿಂದ ಇಂದಿನ ಅರ್ಥ ಹೊರಡುವುದಿಲ್ಲ.

ಹಂತ 6: ಬಳಗದ ಪುಟ ಮಾಡಿ, ದಾರಿಹೋಕ ಪದಗಳನ್ನು ಹೊರಗಿಡಿ

ಇಷ್ಟಾದ ಮೇಲೆಯೇ ಪಟ್ಟಿ. ಅದೂ ಮೊದಲ ಅಕ್ಷರದ ಪ್ರಕಾರ ಬೇಡ, ಮೂಲದ ಪ್ರಕಾರ ಮಾಡಿ. ಒಂದು ಪುಟಕ್ಕೆ ಒಂದೇ ಮೂಲ. ‘ಸ್ಪೆಕ್ಟ್’, ಅಂದರೆ ನೋಡು, ಎಂಬ ಪುಟದಲ್ಲಿ ಇನ್‌ಸ್ಪೆಕ್ಟ್ (ಒಳಹೊಕ್ಕು ನೋಡು), ರೆಟ್ರೋಸ್ಪೆಕ್ಟಿವ್ (ಹಿಂದಕ್ಕೆ ನೋಡುವ), ಸರ್ಕಮ್‌ಸ್ಪೆಕ್ಟ್ (ಸುತ್ತಮುತ್ತ ನೋಡಿ ನಡೆಯುವ, ಎಚ್ಚರದ), ಸ್ಪೆಕ್ಟೇಟರ್ (ನೋಡುಗ) ಒಟ್ಟಿಗೆ ಕೂರಲಿ. ಒಂದು ನೆನಪಾದರೆ ಇನ್ನೊಂದನ್ನು ಅದೇ ಕೈಹಿಡಿದು ತರುತ್ತದೆ.

ಪುಟದ ಕೆಳಗಿನ ಕಾಲು ಭಾಗವನ್ನು ಖಾಲಿ ಬಿಟ್ಟು, ಅಲ್ಲಿ ‘ಬಳಗದವಲ್ಲ’ ಎಂದು ಶೀರ್ಷಿಕೆ ಕೊಡಿ. ಅಕ್ಷರ ಹೋಲುವ, ಆದರೆ ಮೂಲ ಬೇರೆಯಾದ ಪದಗಳಿಗೆ ಆ ಜಾಗ. ನನ್ನ ಅನುಭವದಲ್ಲಿ ಕಲಿಯುವವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೆಳಭಾಗವೇ. ನಾನು ಮತ್ತೆ ಮತ್ತೆ ಕಂಡ ತಪ್ಪುಗಳು ಇವು:

‘ಪಿ-ಇ-ಡಿ’: ಪೆಡಲ್, ಪೆಡೆಸ್ಟ್ರಿಯನ್, ಸೆಂಟಿಪೀಡ್ ಪದಗಳಲ್ಲಿ ಇದು ಲ್ಯಾಟಿನ್, ಅರ್ಥ ಪಾದ. ಪೀಡಿಯಾಟ್ರಿಕ್ಸ್‌ನಲ್ಲಿ ಗ್ರೀಕ್, ಅರ್ಥ ಮಗು. ಮೂಳೆ ವೈದ್ಯಕ್ಕೆ ಆರ್ಥೋಪೀಡಿಕ್ಸ್ ಎಂಬ ಹೆಸರು ಬಂದದ್ದು ಪಾದದಿಂದ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ಫ್ರಾನ್ಸಿನ ವೈದ್ಯ ನಿಕೋಲಾ ಆಂದ್ರಿ 1741ರಲ್ಲಿ ಈ ಪದವನ್ನು ಕಟ್ಟಿದ್ದು ‘ನೇರ’ ಮತ್ತು ‘ಮಗು’ ಎಂಬ ಗ್ರೀಕ್ ಪದಗಳಿಂದ, ಮಕ್ಕಳ ದೇಹದ ವಕ್ರತೆಯನ್ನು ಸರಿಪಡಿಸುವ ಕಲೆ ಎಂಬ ಅರ್ಥದಲ್ಲಿ.

‘ಎಚ್-ಒ-ಎಂ-ಒ’: ಹೋಮೋ ಸೇಪಿಯನ್ಸ್‌ನಲ್ಲಿ ಮನುಷ್ಯ (ಲ್ಯಾಟಿನ್), ಹೋಮೋಜೀನಿಯಸ್‌ನಲ್ಲಿ ಒಂದೇ ಬಗೆಯ (ಗ್ರೀಕ್).

‘ಆಂಟಿ’ ಮತ್ತು ‘ಆಂಟೆ’: ಮೊದಲನೆಯದು ವಿರೋಧ, ಎರಡನೆಯದು ‘ಮುಂಚೆ’. ಆಂಟಿಬಯಾಟಿಕ್‌ನಲ್ಲಿ ‘ಐ’, ಹೆರಿಗೆಗೆ ಮುಂಚಿನ ಎಂಬರ್ಥದ ಆಂಟಿನೇಟಲ್‌ನಲ್ಲಿ ‘ಇ’. ಕನ್ನಡದಲ್ಲಿ ಎರಡನ್ನೂ ‘ಆಂಟಿ’ ಎಂದೇ ಬರೆಯುವುದರಿಂದ ಇಲ್ಲಿ ಬೀಳುವವರು ಬಹಳ. ಇನ್ನೂ ಸೂಕ್ಷ್ಮವಾದದ್ದು ಆಂಟಿಸಿಪೇಟ್. ಕಾಗುಣಿತದಲ್ಲಿ ‘ಐ’ ಇದ್ದರೂ ಅದು ‘ಮುಂಚೆ’ಯ ಬಳಗದ್ದೇ: ಮುಂಚಿತವಾಗಿ ಊಹಿಸು.

‘ಡಿಸ್’ ಎರಡು ಬಗೆ: ‘ಐ’ ಇದ್ದರೆ ಲ್ಯಾಟಿನ್, ಬೇರ್ಪಡುವಿಕೆ ಅಥವಾ ನಿಷೇಧ. ‘ವೈ’ ಇದ್ದರೆ ಗ್ರೀಕ್, ಕೆಟ್ಟ ಅಥವಾ ಕಷ್ಟದ ಎಂಬ ಅರ್ಥ. ಡಿಸ್ಲೆಕ್ಸಿಯಾ, ಡಿಸೆಂಟ್ರಿ, ಡಿಸ್ಫಂಕ್ಷನ್ ಮೂರರಲ್ಲೂ ‘ವೈ’.

‘ಇನ್‌ಫ್ಲೇಮಬಲ್’: ಇದರ ‘ಇನ್’ ನಿಷೇಧವಲ್ಲ. ಅರ್ಥ ‘ಸುಲಭವಾಗಿ ಹೊತ್ತಿಕೊಳ್ಳುವ’ ಎಂದೇ. ‘ಫ್ಲೇಮಬಲ್’ ಎಂದರೂ ಅದೇ. ತಪ್ಪಿ ಓದಿದರೆ ಇಲ್ಲಿ ಅಂಕ ಹೋಗುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ, ಆದ್ದರಿಂದ ಇದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.

‘ಹೈಪರ್’ ಮತ್ತು ‘ಹೈಪೋ’: ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಏರುವುದು, ಹೈಪೋಗ್ಲೈಸೀಮಿಯಾ ಎಂದರೆ ಇಳಿಯುವುದು. ಕೆಂಪು ಪೆನ್ನು ಇಲ್ಲಿಗೂ ಬೇಕು.

ಹಂತ 7: ಬೆಸುಗೆಯಲ್ಲಿ ಅಕ್ಷರ ಎಣಿಸಿ

ಕಾಗುಣಿತದಲ್ಲಿ ‘ಒಂದು ಎಸ್ಸೋ ಎರಡೋ’ ಎಂಬ ಅನುಮಾನ ಬರುವುದೆಲ್ಲ ಬೆಸುಗೆಯ ಜಾಗದಲ್ಲಿ. ಊಹಿಸಬೇಡಿ, ಎಣಿಸಿ.

‘ಮಿಸ್’ ಕೊನೆಗೆ ಒಂದು ‘ಎಸ್’, ‘ಸ್ಪೆಲ್’ ಆರಂಭಕ್ಕೆ ಒಂದು. ಆದ್ದರಿಂದ ಮಿಸ್‌ಸ್ಪೆಲ್‌ಗೆ ಎರಡು. ‘ಡಿಸ್’ ಮತ್ತು ‘ಸ್ಯಾಟಿಸ್‌ಫೈಡ್’ ಸೇರಿದಾಗಲೂ ಎರಡು. ಆದರೆ ‘ಡಿಸ್’ ಮತ್ತು ‘ಅಪಿಯರ್’ ಸೇರಿದರೆ ‘ಎಸ್’ ಒಂದೇ, ‘ಪಿ’ ಎರಡು, ಏಕೆಂದರೆ ಅಪಿಯರ್‌ನಲ್ಲಿ ಮೊದಲೇ ಎರಡು ‘ಪಿ’ ಇವೆ. ರೆಕಮೆಂಡ್ ಎಂಬುದು ‘ರಿ’ ಮತ್ತು ‘ಕಮೆಂಡ್’: ಒಂದು ‘ಸಿ’, ಎರಡು ‘ಎಂ’. ಅಕಾಮಡೇಟ್ ಎಂಬುದರಲ್ಲಿ ‘ಆ್ಯಡ್’ ಬದಲಾಗಿ ‘ಆ್ಯಕ್’, ಅದರ ಮುಂದೆ ‘ಕಾಮ್’, ಅದರ ಮುಂದೆ ‘ಮಾಡ್’. ಹೀಗೆ ಎರಡು ‘ಸಿ’, ಎರಡು ‘ಎಂ’ ತಾವಾಗಿ ಬರುತ್ತವೆ. ಮೂರನೆಯ ಹಂತದ ಸಂಧಿ ಇಲ್ಲಿ ಫಲ ಕೊಡುತ್ತದೆ.

ಒಂದು ಎಚ್ಚರ. ಬಾಲದ ಬೆಸುಗೆಯಲ್ಲಿ ಮೂಕ ‘ಇ’ ಬಿದ್ದುಹೋಗುವುದುಂಟು (ವ್ಯಾಲ್ಯೂ, ವ್ಯಾಲ್ಯುಬಲ್), ‘ವೈ’ ಹೋಗಿ ‘ಐ’ ಬರುವುದುಂಟು (ಬ್ಯೂಟಿ, ಬ್ಯೂಟಿಫುಲ್). ತಲೆಯ ಬೆಸುಗೆಯಷ್ಟು ನಂಬಿಕಸ್ತವಲ್ಲ ಬಾಲದ ಬೆಸುಗೆ.

ಹಂತ 8: ಒತ್ತು ಎಲ್ಲಿ ಬೀಳುತ್ತದೆ ಎಂದು ಗುರುತಿಸಿ

ಕನ್ನಡದಲ್ಲಿ ಪದದ ಅಕ್ಷರಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ನುಡಿಯುತ್ತೇವೆ. ಇಂಗ್ಲಿಷ್ ಪದದಲ್ಲಿ ಒಂದು ಕಡೆ ಜೋರಾಗಿ ಒತ್ತಿ, ಉಳಿದ ಕಡೆ ಸಡಿಲ ಬಿಡಬೇಕು. ಬಾಲ ಬದಲಾದಂತೆ ಒತ್ತಿನ ಜಾಗವೂ ಸರಿಯುತ್ತದೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ತುಣುಕಿಗೆ, ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ‘ಇಕ್’, ‘ಷನ್’, ‘ಇಟಿ’ ಎಂದು ಮುಗಿಯುವ ಪದಗಳಲ್ಲಿ ಸಾಮಾನ್ಯವಾಗಿ ಆ ಬಾಲದ ಹಿಂದಿನ ತುಣುಕಿಗೇ ಒತ್ತು. ಅಪವಾದಗಳಿವೆ (ಪಾಲಿಟಿಕ್ಸ್, ಅರಿತ್ಮೆಟಿಕ್), ಅವನ್ನು ನಿಘಂಟಿನಲ್ಲಿ ನೋಡಿ ಗುರುತು ಹಾಕಿ. ಮೂರು ಸಲ ಗಟ್ಟಿಯಾಗಿ ಹೇಳಿ ಮುಂದೆ ಹೋಗಿ.

ಹಂತ 9: ಜೋಡಿ ನುಡಿಗಟ್ಟುಗಳನ್ನು ಬಿಡಿಸಬೇಡಿ

ಒಂದೇ ಅಕ್ಷರದಿಂದ ಶುರುವಾಗುವ ಎರಡು ಪದಗಳು ‘ಅಂಡ್’ ಹಿಡಿದು ಕೂತಿರುವ ನುಡಿಗಟ್ಟುಗಳಿಗೆ ಮೇಲಿನ ಯಾವ ವಿಧಾನವೂ ಹೊಂದುವುದಿಲ್ಲ. ಅವನ್ನು ಇಡಿಯಾಗಿ ಕಲಿಯಬೇಕು. ‘ಸೇಫ್ ಅಂಡ್ ಸೌಂಡ್’ ಎಂದರೆ ಯಾವ ತೊಂದರೆಯೂ ಇಲ್ಲದೆ, ಕ್ಷೇಮವಾಗಿ. ಅಲ್ಲಿನ ‘ಸೌಂಡ್’ ಸದ್ದಲ್ಲ, ‘ಆರೋಗ್ಯವಾಗಿ’ ಎಂಬ ಅರ್ಥದ ಬೇರೆಯೇ ಪದ. ‘ಪಾರ್ಟ್ ಅಂಡ್ ಪಾರ್ಸೆಲ್’ ಎಂದರೆ ಬೇರ್ಪಡಿಸಲಾಗದ ಅಂಗ. ಕಟ್ಟಿ ಕಳಿಸುವ ಪಾರ್ಸೆಲ್‌ಗೂ ಇಲ್ಲಿನ ಅರ್ಥಕ್ಕೂ ಸಂಬಂಧ ಹುಡುಕಬೇಡಿ. ‘ಸ್ಪಿಕ್ ಅಂಡ್ ಸ್ಪ್ಯಾನ್’ ಎಂದರೆ ಹೊಸದರಂತೆ ಚೊಕ್ಕಟ.

ಇವುಗಳ ಎದುರಿಗೆ ವಿವರಣೆ ಬರೆಯುವ ಬದಲು ಕನ್ನಡದ ಜೋಡುನುಡಿಯನ್ನೇ ಬರೆಯಿರಿ. ‘ಬ್ಯಾಗ್ ಅಂಡ್ ಬ್ಯಾಗೇಜ್’ ಎದುರಿಗೆ ಗಂಟುಮೂಟೆ, ‘ಕಿತ್ ಅಂಡ್ ಕಿನ್’ ಎದುರಿಗೆ ಬಂಧುಬಳಗ. ನಾವು ಮೂಟೆಗಂಟು, ಬಳಗಬಂಧು ಎನ್ನುವುದಿಲ್ಲ; ಇಂಗ್ಲಿಷಿನವರೂ ‘ಕಿನ್ ಅಂಡ್ ಕಿತ್’ ಎನ್ನುವುದಿಲ್ಲ. ಪುಟದಲ್ಲಿ ಬರೆದ ಕ್ರಮದಲ್ಲೇ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸ ಮಾಡಿ.